ಶೈಲಿಶಾಸ್ತ್ರವೆಂದರೆ ಅಲಂಕಾರಗಳ ಎಣಿಕೆಯೇ?

ಭಾಷಾವಿಜ್ಞಾನ ಓದದೆ ಇಂಗ್ಲಿಷ್ ಎಂ.ಎ.ಗೆ ಬಂದ ತಮಗೆ ಶೈಲಿಶಾಸ್ತ್ರ ಒಗ್ಗೀತೇ, ಅದು ಉಪಮೆ-ರೂಪಕಗಳನ್ನು ಎಣಿಸುವ ಕೆಲಸವಷ್ಟೆಯೇ ಎಂದು ಕೇಳಿದ್ದೀರಿ. ಖಂಡಿತ ಒಗ್ಗುತ್ತದೆ. ಸಾಹಿತ್ಯಕೃತಿಯ ಭಾಷೆಯನ್ನು ಭಾಷಾವಿಜ್ಞಾನದ ಕಣ್ಣಿನಿಂದ ನೋಡಿ, ಅದರ ಪರಿಣಾಮ ಎಲ್ಲಿಂದ ಬಂತೆಂದು ಹುಡುಕುವ ಶಾಸ್ತ್ರ ಇದು. ಎಣಿಕೆಯೂ ಇದೆ ಎನ್ನಿ. ಆದರೆ ಎಣಿಸುವುದು ಹೆಚ್ಚಾಗಿ ಕ್ರಿಯಾಪದ, ಸರ್ವನಾಮಗಳಂಥ ಯಾರೂ ತಿರುಗಿ ನೋಡದ ಬಡಪಾಯಿಗಳನ್ನು.

ವಿಲಿಯಂ ಗೋಲ್ಡಿಂಗ್ ಅವರ ‘ದಿ ಇನ್‌ಹೆರಿಟರ್ಸ್’ (1955) ಕಾದಂಬರಿಯಲ್ಲಿ ನಿಯಾಂಡರ್ತಲ್ ಮಾನವನಾದ ಲಾಕ್‌ನತ್ತ ಒಬ್ಬ ಬಾಣ ಬಿಡುತ್ತಾನೆ. ಲಾಕ್‌ಗೆ ಬಿಲ್ಲು ಗೊತ್ತಿಲ್ಲ. ಅವನಿಗೆ ಕಾಣುವುದು, ಕೋಲೊಂದು ಎರಡೂ ತುದಿಗಳಲ್ಲಿ ಗಿಡ್ಡವಾಗಿ ಮತ್ತೆ ಉದ್ದವಾದದ್ದು ಮಾತ್ರ. ಭಾಷಾವಿಜ್ಞಾನಿ ಎಂ.ಎ.ಕೆ. ಹ್ಯಾಲಿಡೇ 1971ರಲ್ಲಿ ಈ ಗದ್ಯದ ವ್ಯಾಕರಣವನ್ನು ಬಿಡಿಸಿ ತೋರಿಸಿದರು. ಸಕರ್ಮಕ ಕ್ರಿಯಾಪದಗಳು, ಅಂದರೆ ‘ಹೊಡೆ’ಯಂತೆ ಕರ್ಮವನ್ನು ಬೇಡುವವು, ವಿರಳ. ಕೋಲು ತಾನಾಗಿ ಏಳುತ್ತದೆ, ತಾನಾಗಿ ಕುಗ್ಗುತ್ತದೆ. ಒಬ್ಬರು ಇನ್ನೊಂದರ ಮೇಲೆ ಏನನ್ನಾದರೂ ಮಾಡುವುದು ಅಪರೂಪ. ಕಾರ್ಯಕಾರಣ ಹೊಳೆಯದ ಮನಸ್ಸನ್ನು ಲೇಖಕರು ವರ್ಣಿಸದೆ, ವಾಕ್ಯರಚನೆಯಲ್ಲೇ ಕಟ್ಟಿದ್ದಾರೆ. ಓದುವಾಗ ನಮಗಾದ ಗೊಂದಲ ಎಲ್ಲಿಂದ ಬಂತೆಂದು ಆಗ ಬೆರಳಿಟ್ಟು ತೋರಿಸಬಹುದು. ನನ್ನನ್ನು ಈ ಶಾಸ್ತ್ರಕ್ಕೆ ಎಳೆದದ್ದೇ ಇದು.

ಇದನ್ನು ಒಪ್ಪದವರೂ ಇದ್ದಾರೆ. ಸಾಹಿತ್ಯ ವಿಮರ್ಶಕ ಸ್ಟ್ಯಾನ್ಲಿ ಫಿಶ್ 1970ರ ದಶಕದಲ್ಲೇ ಕೇಳಿದರು: ವ್ಯಾಕರಣದ ಲಕ್ಷಣದಿಂದ ಅರ್ಥಕ್ಕೆ ಜಿಗಿಯಲು ನಿಮಗೆ ಅಧಿಕಾರ ಕೊಟ್ಟವರು ಯಾರು? ಅಕರ್ಮಕ ಕ್ರಿಯಾಪದ ಎಲ್ಲೆಡೆಯೂ ಅಸಹಾಯಕತೆಯನ್ನೇ ಸೂಚಿಸುವುದಿಲ್ಲವಲ್ಲ. ಆಕ್ಷೇಪ ನ್ಯಾಯವಾದದ್ದೇ, ಪ್ರಬಂಧ ಬರೆಯುವಾಗ ನೆನಪಿನಲ್ಲಿರಲಿ.

ಸದ್ಯಕ್ಕೆ ವಾಕ್ಯದ ಭಾಗಗಳು, ಸಕರ್ಮಕ-ಅಕರ್ಮಕ, ಕರ್ಮಣಿ ಪ್ರಯೋಗ, ಇಷ್ಟು ಗಟ್ಟಿಯಾಗಿ ತಿಳಿದರೆ ಸಾಕು. ಧ್ವನಿಶಾಸ್ತ್ರ ಕಾಯಬಹುದು. ಇಷ್ಟದ ಕಾದಂಬರಿಯ ಒಂದೇ ಪುಟ ತೆಗೆದುಕೊಂಡು, ಪ್ರತಿ ಕ್ರಿಯಾಪದಕ್ಕೂ ಕರ್ತೃ ಯಾರೆಂದು ಅಂಚಿನಲ್ಲಿ ಬರೆದು ನೋಡಿ.