ಹೊಟ್ಟೆಯಲ್ಲಿ ಮಗು, ಕೈಯಲ್ಲಿ ಕೀಮೋ

ಪ್ರಶ್ನೆ: ಅಕ್ಕಾ, ನಾನು ಕಲಬುರಗಿಯ ಒಂದು ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್. ದಿನಾ ನಾಲ್ಕೈದು ಜನಕ್ಕೆ ಕೀಮೋ, ಅಂದರೆ ಕ್ಯಾನ್ಸರಿನ ಔಷಧಿ, ಹಾಕುತ್ತೇವೆ. ಔಷಧಿ ಮಿಕ್ಸ್ ಮಾಡುವುದೂ ನಾವೇ, ಇಂಜೆಕ್ಷನ್ ರೂಮಿನ ಟೇಬಲ್ ಮೇಲೆ, ಒಂದೇ ಜೊತೆ ಗ್ಲೌಸ್ ಹಾಕಿಕೊಂಡು. ಸೀನಿಯರ್‌ಗಳು 'ನಮಗೇನೂ ಆಗಿಲ್ಲ, ನೀ ಯಾಕ ಅಂಜತಿ' ಅನ್ನುತ್ತಾರೆ. ನನಗೀಗ ಮೂರು ತಿಂಗಳು. ಸುಮ್ನೆ ಹೆದರುತ್ತಿದ್ದೀನಾ?
– ಒಬ್ಬ ಓದುಗಳು, ಕಲಬುರಗಿ

ಉತ್ತರ: ಸುಮ್ನೆ ಅಲ್ಲ, ತಂಗಿ. ಇವತ್ತೇ ಇನ್‌ಚಾರ್ಜ್ ಸಿಸ್ಟರ್‌ಗೆ ಬರೆದು ಕೊಡು. ಬಸುರಿ ಇದ್ದೇನೆ, ಕೀಮೋ ಮಿಕ್ಸ್ ಮಾಡುವುದು, ಹಾಕುವುದು, ಆ ರೋಗಿಗಳ ಮೂತ್ರ-ವಾಂತಿ ತೆಗೆಯುವುದು ಯಾವುದೂ ಬೇಡ, ಬೇರೆ ವಾರ್ಡಿಗೆ ಹಾಕಿ ಅಂತ. ಬಾಯಲ್ಲಿ ಹೇಳಿದರೆ ಮರೆತುಬಿಡುತ್ತಾರೆ. ಈ ಔಷಧಿಗಳಲ್ಲಿ ಕೆಲವು ಗರ್ಭ ಇಳಿಸಬಹುದು, ಮಗುವಿನ ಬೆಳವಣಿಗೆಯನ್ನೂ ಕೆಡಿಸಬಹುದು. ಇಷ್ಟು ದಿನ ಕೆಲಸ ಮಾಡಿದ್ದಕ್ಕೆ ಏನೋ ಆಗೇ ಆಗುತ್ತದೆ ಅಂತಲ್ಲ, ಆದರೆ ನಿನ್ನ ಡಾಕ್ಟರಮ್ಮನಿಗೆ ಹೇಳಿಡು.

'ನಮಗೇನೂ ಆಗಿಲ್ಲ' ಅನ್ನುವ ಮಾತನ್ನು ನಾನೂ ಕೀಮೋ ವಾರ್ಡಿನಲ್ಲಿದ್ದಾಗ ದಿನಾ ಕೇಳುತ್ತಿದ್ದೆ. 1979ರಷ್ಟು ಹಿಂದೆಯೇ ಫಿನ್ಲೆಂಡಿನಲ್ಲಿ ಇದೇ ಕೆಲಸ ಮಾಡುವ ನರ್ಸ್‌ಗಳ ಮೂತ್ರ ಪರೀಕ್ಷೆ ಮಾಡಿದಾಗ ಜೀನ್‌ಗಳನ್ನು ಕೆಡಿಸುವ ಅಂಶ ಸಿಕ್ಕಿತ್ತು. ಮೈಗೆ ಸೇರುವಾಗ ಉರಿಯೂ ಇಲ್ಲ, ನೋವೂ ಇಲ್ಲ, ಅದೇ ತೊಂದರೆ. ವಯಲ್, ಅಂದರೆ ಔಷಧಿಯ ಸಣ್ಣ ಸೀಸೆ, ಒಳಗೆ ಗಾಳಿ ಜಾಸ್ತಿ ತುಂಬಿದ್ದರೆ ಸೂಜಿ ಎಳೆಯುವಾಗ ಸಣ್ಣಗೆ ಚಿಮ್ಮುತ್ತದೆ, ಅಲ್ವಾ? ಡಾಕ್ಸೊರುಬಿಸಿನ್ ಅನ್ನುವ ಕೀಮೋ ಔಷಧಿ ಆದರೆ ಗ್ಲೌಸ್ ಮೇಲೆ ಕೆಂಪು ಚುಕ್ಕಿ ಕಾಣುತ್ತದೆ. ಸೈಕ್ಲೊಫಾಸ್ಫಮೈಡ್ ಅನ್ನುವ ಇನ್ನೊಂದು ನೀರಿನ ಹಾಗೆ, ಚಿಮ್ಮಿದ್ದೇ ಗೊತ್ತಾಗುವುದಿಲ್ಲ, ಅದೇ ಕೈಯಲ್ಲಿ ಪೆನ್ನು ಹಿಡಿಯುತ್ತೇವೆ, ಫೋನ್ ಎತ್ತುತ್ತೇವೆ, ಮಧ್ಯಾಹ್ನ ಡಬ್ಬಿ ಬಿಚ್ಚಿ ರೊಟ್ಟಿ ಮುರಿಯುತ್ತೇವೆ. ಸ್ಯಾನಿಟೈಸರ್ ಹಚ್ಚಿದರೆ ಇದು ಹೋಗುವುದಿಲ್ಲ. ಸೋಪು, ನೀರು ಬೇಕು.

ನಿನ್ನ ಜೊತೆಯವರಿಗೂ ಇದನ್ನು ಓದಲು ಕೊಡು. ಮಿಕ್ಸ್ ಮಾಡಬೇಕಾದದ್ದು ಬಯೋಸೇಫ್ಟಿ ಕ್ಯಾಬಿನೆಟ್ (ಔಷಧಿಯ ಹನಿ ಹೊರಗೆ ಬಾರದಂತೆ ಗಾಳಿ ಎಳೆದುಕೊಳ್ಳುವ ಪೆಟ್ಟಿಗೆ) ಒಳಗೆ, ಟೇಬಲ್ ಮೇಲಲ್ಲ. ಎಲ್ಲರೂ ಸೇರಿ ಕೇಳಿ, ಬಿಡಬೇಡಿ. ಅದು ಬರುವ ತನಕ ಫ್ಯಾನ್ ಆಫ್ ಇರಲಿ. ನಮ್ಮ ಕಡೆ ಬಿಸಿಲಿಗೆ ಗೌನ್ ಹಾಕಿ ಫ್ಯಾನ್ ಇಲ್ಲದೆ ನಿಲ್ಲುವುದು ಎಂಥ ಹಿಂಸೆ ಅಂತ ಗೊತ್ತು, ಬೆನ್ನೆಲ್ಲ ನೀರಾಗುತ್ತದೆ. ಆದರೂ ಆ ಗಾಳಿ ಹನಿಯನ್ನು ಮುಖಕ್ಕೇ ತರುತ್ತದೆ. ಕೀಮೋಗೆ ಅಂತಲೇ ಇರುವ ಪೌಡರ್ ಇಲ್ಲದ ಗ್ಲೌಸ್, ಎರಡು ಜೊತೆ, ಒಂದು ಗೌನ್ ತೋಳಿನ ಒಳಗೆ, ಇನ್ನೊಂದು ತೋಳಿನ ಮೇಲೆ. ಅರ್ಧ ಗಂಟೆಗೊಮ್ಮೆ ಬದಲಿಸಬೇಕು, ಹರಿದರೆ ಆ ಕ್ಷಣವೇ. ಡ್ರಿಪ್ ಹಾಕುವ ಐವಿ ಸೆಟ್‌ನಲ್ಲಿ ಮೊದಲು ಬರೀ ಸಲೈನ್ ಹರಿಸಿ, ಆಮೇಲೆ ಔಷಧಿ. ಮುಗಿದ ಮೇಲೆ ಬ್ಯಾಗಿನಿಂದ ಸೆಟ್ ಕೀಳಬೇಡಿ, ಎರಡನ್ನೂ ಒಟ್ಟಿಗೆ ಸೈಟೋಟಾಕ್ಸಿಕ್ (ಜೀವಕೋಶ ಕೊಲ್ಲುವ ಔಷಧಿ) ಅಂತ ಗುರುತಿರುವ ಹಳದಿ ಚೀಲಕ್ಕೆ ಹಾಕಿ. ಆಸ್ಪತ್ರೆ ಕಸದ 2016ರ ನಿಯಮದ ಪ್ರಕಾರ ಅದನ್ನು 1200 ಡಿಗ್ರಿಗಿಂತ ಜಾಸ್ತಿ ಶಾಖದಲ್ಲಿ ಸುಡಬೇಕು.

ಇನ್ನೊಂದು ಮಾತು, ತಂಗಿ. ಕೀಮೋ ಹಾಕಿದ ಮೇಲೆ ಕಡಿಮೆ ಅಂದರೂ 48 ಗಂಟೆ ರೋಗಿಯ ಮೂತ್ರದಲ್ಲೂ ವಾಂತಿಯಲ್ಲೂ ಔಷಧಿ ಇರುತ್ತದೆ. ಅದನ್ನು ಬರಿಗೈಯಲ್ಲಿ ಎತ್ತುವವರು ನಿಮ್ಮ ಆಯಾ. ಅವರಿಗೆ ಯಾರೂ ಹೇಳಿರುವುದಿಲ್ಲ. ನೀನು ವಾರ್ಡ್ ಬಿಡುವ ಮೊದಲು ಅವರ ಕೈಗೂ ಎರಡು ಜೊತೆ ಗ್ಲೌಸ್ ಕೊಟ್ಟು, ಹಾಕಿಕೊಳ್ಳುವುದು ಹೇಗೆ ಅಂತ ತೋರಿಸಿ ಹೋಗು.