ವಿಕ್ಟೋರಿಯಾ ಅಂದರೆಲ್ಲ ರಾಣಿಯಲ್ಲ

ಬೆಂಗಳೂರಿನ ಆಸ್ಪತ್ರೆ, ಆಫ್ರಿಕಾದ ಸರೋವರ, ಕ್ಷುದ್ರಗ್ರಹ, ಮೆಕ್ಸಿಕೊದ ಊರು, ಈ ಎಲ್ಲ ‘ವಿಕ್ಟೋರಿಯಾ’ಗಳೂ ಒಬ್ಬಳೇ ರಾಣಿಯ ಹೆಸರೇ ಎಂದು ಕೇಳಿದ್ದೀರಿ. ಆಸ್ಪತ್ರೆ, ಸರೋವರ ಹೌದು. ಉಳಿದೆರಡರ ಕಥೆ ಬೇರೆ.

ಮೊದಲು ಇಸವಿ ನೋಡಿ. ರಾಣಿ ಪಟ್ಟಕ್ಕೆ ಬಂದದ್ದು 1837ರಲ್ಲಿ, ತೀರಿಕೊಂಡದ್ದು 1901ರಲ್ಲಿ. ಮೆಗೆಲನ್ನನ ತಂಡದಲ್ಲಿ ಭೂಮಿ ಸುತ್ತಿ 1522ರಲ್ಲಿ ಸ್ಪೇನ್ ಮುಟ್ಟಿದ ಹಡಗೂ ವಿಕ್ಟೋರಿಯಾವೇ. ರಾಣಿಗೂ ಅದಕ್ಕೂ ಸಂಬಂಧವೇ ಇಲ್ಲ. ಆದರೆ ಇಸವಿಯೊಂದನ್ನೇ ನಂಬಿದರೆ ಮೋಸ ಹೋಗುತ್ತೀರಿ, ಆ ನೆಲ ಯಾರ ಕೈಯಲ್ಲಿತ್ತು ಎಂಬುದನ್ನೂ ನೋಡಬೇಕು. ಮೆಕ್ಸಿಕೊದ ಸಿಯುದಾದ್ ವಿಕ್ಟೋರಿಯಾ ಅಲ್ಲಿನ ಮೊದಲ ಅಧ್ಯಕ್ಷ ಗ್ವಾದಲೂಪೆ ವಿಕ್ಟೋರಿಯಾನದು. ಅಂದರೆ ಗಂಡಸಿನದು!

ಕ್ಷುದ್ರಗ್ರಹದ್ದು ಸ್ವಾರಸ್ಯ. 1850ರಲ್ಲಿ ಲಂಡನ್ನಿನಲ್ಲಿ ಜಾನ್ ರಸೆಲ್ ಹೈಂಡ್ ಅದನ್ನು ಕಂಡುಹಿಡಿದು ಈ ಹೆಸರಿಟ್ಟ. ಬದುಕಿರುವವರ ಹೆಸರು ಸಲ್ಲದೆಂದು ಅಮೆರಿಕದಲ್ಲಿ ತಕರಾರೆದ್ದು, ಕ್ಲಿಯೊ ಎಂಬ ಬದಲಿ ಹೆಸರೂ ಕೆಲಕಾಲ ಓಡಾಡಿತು. ರೋಮನ್ನರ ವಿಜಯದೇವತೆಯೂ ವಿಕ್ಟೋರಿಯಾಳೇ ಆದ್ದರಿಂದ ಕಾಗದದ ಮೇಲೆ ಅದು ದೇವಿಯ ಹೆಸರಾಗಿ ಉಳಿಯಿತು. ಜಾಣತನದ ರಾಜಿ.

ದೈತ್ಯ ನೈದಿಲೆಯ ಕುಲನಾಮ (ಸಸ್ಯಶಾಸ್ತ್ರೀಯ ಹೆಸರಿನ ಮೊದಲ ಭಾಗ) ಮಾತ್ರ ನೇರವಾಗಿ ರಾಣಿಯದೇ, ಅವಳು ಪಟ್ಟಕ್ಕೆ ಬಂದ ವರ್ಷವೇ ಸಸ್ಯವಿಜ್ಞಾನಿ ಲಿಂಡ್ಲೆ ಕೊಟ್ಟದ್ದು. ಹಳೆಯ ಪುಸ್ತಕಗಳಲ್ಲಿ ‘ವಿಕ್ಟೋರಿಯಾ ರೀಜಿಯಾ’ ಎಂದಿದ್ದರೆ ಈಗಿನ ಪಟ್ಟಿಗಳಲ್ಲಿ ‘ವಿಕ್ಟೋರಿಯಾ ಅಮೆಜೋನಿಕಾ’ ಎಂದು ಹುಡುಕಿ, ಗಿಡ ಒಂದೇ. ಹೂವು ಮೊದಲ ರಾತ್ರಿ ಬಿಳಿ, ಎರಡನೆಯ ರಾತ್ರಿ ಗುಲಾಬಿ, ಹಾಗಾಗಿ ಫೋಟೊ ನೋಡಿ ಎರಡು ಜಾತಿ ಎಂದುಕೊಳ್ಳಬೇಡಿ.

ಆಸ್ಪತ್ರೆ ಶುರುವಾದದ್ದು 1900ರಲ್ಲಿ, ರಾಣಿ ಇನ್ನೂ ಬದುಕಿದ್ದಾಗಲೇ. ಕಬ್ಬನ್ ಪಾರ್ಕಿನಲ್ಲಿ ರಾಣಿಯ ಪ್ರತಿಮೆ ನಿಂತದ್ದು ಅವಳು ಹೋದಮೇಲೆ, 1906ರಲ್ಲಿ.