ಕಾನೂನು ಸಲಹೆ: ಖಾತೆ ಒಬ್ಬರದು, ಮನೆ ಐವರದು

ಪ್ರಶ್ನೆ: ಮೈಸೂರಿನಲ್ಲಿ ಹಳೆಯದೊಂದು ಮನೆ ಕೊಳ್ಳಬೇಕೆಂದಿದ್ದೇವೆ. ಅದನ್ನು 1988ರಲ್ಲಿ ಸ್ವಂತ ದುಡಿಮೆಯಿಂದ ಕೊಂಡಿದ್ದ ಯಜಮಾನರು ಉಯಿಲು ಬರೆಯದೆ ತೀರಿಕೊಂಡಿದ್ದಾರೆ. ಅವರ ಪತ್ನಿ, ಹಿರಿಯ ಮಗ, ಮದುವೆಯಾದ ಮಗಳು ಇದ್ದಾರೆ. ತಂದೆಯ ನಂತರ ತೀರಿಕೊಂಡ ಕಿರಿಯ ಮಗನಿಗೆ ಹೆಂಡತಿ ಮತ್ತು 14 ವರ್ಷದ ಒಬ್ಬನೇ ಮಗನಿದ್ದಾನೆ. ಖಾತೆ ಹಿರಿಯ ಮಗನ ಹೆಸರಿನಲ್ಲಿದೆ, ಋಣಭಾರ ಪ್ರಮಾಣಪತ್ರದಲ್ಲಿ ಯಾವ ತೊಡಕೂ ಇಲ್ಲ. ‘ತಂಗಿಗೆ ಮದುವೆಯಲ್ಲೇ ಎಲ್ಲ ಕೊಟ್ಟಾಗಿದೆ, ನನ್ನ ಸಹಿ ಸಾಕು’ ಎಂದು ಅವರು ಮುಂಗಡ ಕೇಳುತ್ತಿದ್ದಾರೆ. ಕೊಡಬಹುದೇ?
— ಓದುಗರೊಬ್ಬರು, ಮೈಸೂರು

ಉತ್ತರ: ಈಗಿನ ಸ್ಥಿತಿಯಲ್ಲಿ ಕೊಡಬೇಡಿ. ಖಾತೆಯು ತೆರಿಗೆ ವಸೂಲಿಯ ದಾಖಲೆಯೇ ಹೊರತು ಒಡೆತನದ ಪತ್ರವಲ್ಲ. ಋಣಭಾರ ಪ್ರಮಾಣಪತ್ರವು ನೋಂದಣಿಯಾದ ವ್ಯವಹಾರಗಳನ್ನಷ್ಟೇ ತೋರಿಸುತ್ತದೆ. ಒಬ್ಬರ ಸಾವಿನಿಂದ ವಾರಸುದಾರರಿಗೆ ಬರುವ ಹಕ್ಕಿಗೆ ನೋಂದಣಿಯೇ ಬೇಡವಾದ್ದರಿಂದ ಅದು ಅಲ್ಲಿ ಕಾಣುವುದಿಲ್ಲ.

ಈ ಕುಟುಂಬ ಹಿಂದೂ ಕಾನೂನಿಗೆ ಒಳಪಟ್ಟಿದ್ದು, ಯಜಮಾನರ ತಾಯಿ ಅವರಿಗಿಂತ ಮೊದಲೇ ತೀರಿಕೊಂಡಿದ್ದರೆಂದು ಭಾವಿಸಿ ಉತ್ತರಿಸುತ್ತಿದ್ದೇನೆ. ಮನೆ ಸ್ವಯಾರ್ಜಿತವಾದ್ದರಿಂದ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 8ನೇ ಕಲಮಿನಂತೆ ಪತ್ನಿಗೂ ಮೂವರು ಮಕ್ಕಳಿಗೂ ತಲಾ ನಾಲ್ಕನೇ ಒಂದು ಪಾಲು ಬಂದಿದೆ. ಹೆಣ್ಣುಮಕ್ಕಳ ಹಕ್ಕು 2005ರ ತಿದ್ದುಪಡಿಯಿಂದ ಬಂದದ್ದೆಂದು ಹಲವರು ತಿಳಿದಿದ್ದಾರೆ. ಅದು ಪಿತ್ರಾರ್ಜಿತ ಆಸ್ತಿಯ ಮಾತು. ಉಯಿಲಿಲ್ಲದೆ ತೀರಿಕೊಂಡ ತಂದೆಯ ಸ್ವಯಾರ್ಜಿತದಲ್ಲಿ ಮಗಳಿಗೆ 1956ರಿಂದಲೂ ಮಗನಷ್ಟೇ ಪಾಲಿದೆ. ಮದುವೆಯ ಖರ್ಚಿನಿಂದ ಆ ಪಾಲು ಕರಗುವುದಿಲ್ಲ, ಅಣ್ಣಂದಿರು ಎಷ್ಟೇ ಲೆಕ್ಕ ಹೇಳಲಿ. ಕಿರಿಯ ಮಗನೂ ಉಯಿಲು ಬರೆದಿಲ್ಲವಾದರೆ ಅವರ ಪಾಲು ತಾಯಿ, ಹೆಂಡತಿ, ಮಗ ಈ ಮೂವರಿಗೆ ಸಮನಾಗಿ ಹೋಗುತ್ತದೆ. ಒಟ್ಟು ಹನ್ನೆರಡು ಭಾಗಗಳಲ್ಲಿ ತಾಯಿಗೆ ನಾಲ್ಕು, ಹಿರಿಯ ಮಗ ಮತ್ತು ಮಗಳಿಗೆ ಮೂರು ಮೂರು, ಸೊಸೆ ಮತ್ತು ಮೊಮ್ಮಗನಿಗೆ ಒಂದೊಂದು.

ಮಗಳು ಪಾಲು ಬಿಡಲು ಒಪ್ಪಿದರೆ ಹಕ್ಕು ಬಿಡುಗಡೆ ಪತ್ರ ನೋಂದಣಿಯಾಗಲೇಬೇಕು. ಛಾಪಾ ಕಾಗದದ ಮೇಲಿನ ಬರಿಯ ಒಪ್ಪಿಗೆ ಸಾಲದು. ಅದಕ್ಕಿಂತ ನೇರವಾದ ದಾರಿಯೆಂದರೆ, ಅವರೂ ಕ್ರಯಪತ್ರಕ್ಕೆ ಸಾಕ್ಷಿಯಾಗಿ ಅಲ್ಲ, ಮಾರಾಟಗಾರರಾಗಿಯೇ ಸಹಿ ಹಾಕುವುದು.

ನಿಜವಾದ ತೊಡಕಿರುವುದು ಹುಡುಗನ ಸಣ್ಣ ಪಾಲಿನಲ್ಲಿ. 1956ರ ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಪೋಷಕತ್ವ ಕಾಯ್ದೆಯ 8ನೇ ಕಲಮಿನ ಪ್ರಕಾರ ನ್ಯಾಯಾಲಯದ ಪೂರ್ವಾನುಮತಿಯಿಲ್ಲದೆ ತಾಯಿಯೂ ಅದನ್ನು ಮಾರುವಂತಿಲ್ಲ. ಅನುಮತಿಯಿಲ್ಲದೆ ಮಾರಿದರೆ, ಹುಡುಗನು ವಯಸ್ಕನಾದ ಮೇಲೆ ಮೂರು ವರ್ಷಗಳೊಳಗೆ ಆ ಮಾರಾಟವನ್ನು ರದ್ದುಪಡಿಸುವಂತೆ ದಾವೆ ಹೂಡಬಹುದು. ಅವಶ್ಯಕತೆ ಇದ್ದಾಗ ಇಲ್ಲವೇ ಹುಡುಗನಿಗೆ ಸ್ಪಷ್ಟ ಪ್ರಯೋಜನ ಕಂಡಾಗ ಮಾತ್ರ ನ್ಯಾಯಾಲಯ ಅನುಮತಿ ಕೊಡುವುದರಿಂದ ಕಾಲ ಹಿಡಿಯಬಹುದು.

ಮೊದಲು ವಂಶವೃಕ್ಷ, ಮರಣ ಪ್ರಮಾಣಪತ್ರಗಳು ಮತ್ತು 1988ರ ಮೂಲ ಕ್ರಯಪತ್ರವನ್ನು ವಕೀಲರಿಗೆ ತೋರಿಸಿ. ಬಳಿಕ ಮುಂಗಡ ಕೊಡುವುದಾದರೂ ಮೊತ್ತ ಚಿಕ್ಕದಿರಲಿ, ಕರಾರಿಗೆ ವಯಸ್ಕ ವಾರಸುದಾರರೆಲ್ಲರೂ ಸಹಿ ಹಾಕಲಿ, ನ್ಯಾಯಾಲಯದ ಅನುಮತಿ ಸಿಗದಿದ್ದರೆ ಯಾವ ದಿನಾಂಕದೊಳಗೆ ಹಣ ಮರಳಿಸಬೇಕೆಂಬುದನ್ನು ಅದರಲ್ಲೇ ಬರೆಸಿ.